ಹೊಸದಾಗಿ ಜೋಡಿಸಿದ ಕಂಪ್ಯೂಟರಿಗೆ ಯಾವ ಡ್ರೈವರ್ ಬೇಕು, ಯಾವುದು ಬೇಡ

ಶಿರಸಿಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ನಮ್ಮ ಅಂಗಡಿಗೆ ಕೆಲಸ ಕಲಿಯಲು ಬರುವ ಹುಡುಗರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ಮದರ್‌ಬೋರ್ಡ್ ತಯಾರಕರ ತಾಣದಲ್ಲಿ ಕೊಟ್ಟಿರುವ ಡ್ರೈವರುಗಳನ್ನೆಲ್ಲ (ಯಂತ್ರದ ಒಂದೊಂದು ಭಾಗವನ್ನೂ ವಿಂಡೋಸ್ ಬಳಸಲು ಬೇಕಾದ ತಂತ್ರಾಂಶಗಳು) ಹಾಕಬೇಕೇ? ಬೇಡ ಎಂದೇ ಹೇಳುತ್ತೇನೆ. ಆ ಪಟ್ಟಿಯನ್ನು ಬೋರ್ಡಿನ ಎಲ್ಲ ಬಗೆಗಳನ್ನೂ, ಅದರಲ್ಲಿ ಕೂರಬಹುದಾದ ಎಲ್ಲ ಪ್ರೊಸೆಸರುಗಳನ್ನೂ ಲೆಕ್ಕಕ್ಕೆ ಹಿಡಿದು ಮಾಡಿರುತ್ತಾರೆ. ನಮ್ಮ ಮೇಜಿನ ಮೇಲಿರುವುದು ಅವುಗಳಲ್ಲಿ ಒಂದು ಮಾತ್ರ. ಆದ್ದರಿಂದ ಯಂತ್ರ ಏನನ್ನು ಕೇಳುತ್ತಿದೆ ಎಂದು ಮೊದಲು ನೋಡಿ, ಅಷ್ಟನ್ನೇ ಕೊಡುವುದು ನಮ್ಮಲ್ಲಿಯ ಪದ್ಧತಿ.

ಇದಕ್ಕೆ ಅಪವಾದವಾಗಿ, ಯಂತ್ರ ಕೇಳುವ ಮೊದಲೇ ಸಿದ್ಧವಿರಬೇಕಾದ ಡ್ರೈವರುಗಳು ಎರಡು. ಒಂದು ಡಿಸ್ಕಿನದು. ಇಂಟೆಲ್‌ನ 11ನೇ ಮತ್ತು ಅದರ ನಂತರದ ಪೀಳಿಗೆಗಳ ಪ್ರೊಸೆಸರುಗಳಿರುವ ಯಂತ್ರದಲ್ಲಿ ಬಯೋಸ್‌ನ (ಬೋರ್ಡಿನಲ್ಲೇ ಇರುವ, ವಿಂಡೋಸಿಗಿಂತ ಮೊದಲು ಓಡುವ ತಂತ್ರಾಂಶ) ವಿಎಂಡಿ ಎಂಬ, ಡಿಸ್ಕುಗಳನ್ನು ಇಂಟೆಲ್‌ನ ನಿಯಂತ್ರಕದ ಮೂಲಕ ತೋರಿಸುವ ಆಯ್ಕೆ ಚಾಲೂ ಇದ್ದರೆ, ವಿಂಡೋಸ್ ಹಾಕುವಾಗ ಎನ್‌ವಿಎಂಇ ಎಂಬ ವೇಗದ ಬಗೆಯ ಡಿಸ್ಕ್ ಪರದೆಯಲ್ಲಿ ಕಾಣದೇ ಇರಬಹುದು. ಡಿಸ್ಕೇ ಕೆಟ್ಟಿದೆ ಎಂದು ಅದನ್ನು ಬದಲಾಯಿಸಲು ಹೊರಡುವವರಿದ್ದಾರೆ. ರೇಡ್, ಅಂದರೆ ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ವ್ಯವಸ್ಥೆ, ಬೇಕಾಗಿದ್ದರೆ ಪೆನ್‌ಡ್ರೈವ್‌ನಿಂದ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಲೋಡ್ ಮಾಡಬೇಕು. ಬೇಡವಾಗಿದ್ದರೆ, ವಿಂಡೋಸ್ ಹಾಕುವ ಮೊದಲೇ ವಿಎಂಡಿಯನ್ನು ಬಂದ್ ಮಾಡುವುದೇ ಸುಲಭ.

ಇನ್ನೊಂದು ನೆಟ್‌ವರ್ಕಿನದು. ವಿಂಡೋಸ್ 11 ಮೊದಲ ಸಲ ತೆರೆದುಕೊಳ್ಳುವಾಗಲೇ ಇಂಟರ್‌ನೆಟ್ ಕೇಳುತ್ತದೆ, ಆದರೆ ಹೊಸ ಬೋರ್ಡಿನ 2.5 ಗಿಗಾಬಿಟ್ ಲ್ಯಾನ್ ಚಿಪ್ಪಿಗೋ ವೈ-ಫೈ ಕಾರ್ಡಿಗೋ ಬೇಕಾದ ಡ್ರೈವರ್ ಎಷ್ಟೋ ಸಲ ಅದರ ಬಳಿ ಇರುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಟೆದರಿಂಗ್ ಮಾಡಿದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ. ಆದರೆ ನಾವು ಯಂತ್ರ ಕೊಡುವುದು ಪೇಟೆಯವರಿಗಷ್ಟೇ ಅಲ್ಲ. ಸಿದ್ದಾಪುರ, ಯಲ್ಲಾಪುರದ ಒಳಗಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟಿನ ಜೊತೆಗೆ ಫೈಬರ್ ಲೈನೂ ಹೋಗುತ್ತದೆ, ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕಾದ ಮನೆಗಳೂ ಇವೆ. ಹಾಗಾಗಿ ಲ್ಯಾನ್ ಮತ್ತು ವೈ-ಫೈ ಡ್ರೈವರುಗಳನ್ನು ಜಿಪ್ ಬಿಡಿಸಿ, ಐಎನ್‌ಎಫ್ ಕಡತ (ಡ್ರೈವರ್ ಹೇಗೆ ಕೂರಬೇಕೆಂದು ವಿಂಡೋಸಿಗೆ ಹೇಳುವ ಕಡತ) ಕಾಣುವಂತೆ ಪೆನ್‌ಡ್ರೈವ್‌ನಲ್ಲಿ ಇಟ್ಟಿರುತ್ತೇವೆ. ಎಲ್ಲ ಡ್ರೈವರ್ ಕೂತ ಮೇಲೆ ಪಿಎನ್‌ಪಿಯುಟಿಲ್ ಎಂಬ, ವಿಂಡೋಸಿನಲ್ಲೇ ಇರುವ ಆದೇಶದಿಂದ ಹೊರಗಿನಿಂದ ಹಾಕಿದ ಡ್ರೈವರುಗಳನ್ನೆಲ್ಲ ಒಂದು ಫೋಲ್ಡರಿಗೆ ತೆಗೆದು ಗ್ರಾಹಕರ ಡಿ ಡ್ರೈವಿನಲ್ಲಿ ಬಿಡುತ್ತೇವೆ. ಮುಂದೆ ಯಾರಾದರೂ ವಿಂಡೋಸನ್ನು ಮತ್ತೆ ಹಾಕಿದರೆ ನೆಟ್ ಇಲ್ಲದೆಯೂ ನಡೆಯುತ್ತದೆ.

ನೆಟ್ ಸಿಕ್ಕಿದ ಮೇಲೆ ವಿಂಡೋಸ್ ಅಪ್‌ಡೇಟನ್ನು ಪೂರ್ತಿ ಓಡಲು ಬಿಡಬೇಕು. ಬಹುಪಾಲು ಡ್ರೈವರುಗಳನ್ನು ಅದೇ ತರುತ್ತದೆ. ಆಮೇಲೂ ಯಂತ್ರದ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಉಳಿದಿದ್ದರೆ, ಅದರ ಪ್ರಾಪರ್ಟೀಸ್ ತೆರೆದು ಡೀಟೇಲ್ಸ್ ವಿಭಾಗದಲ್ಲಿ ಹಾರ್ಡ್‌ವೇರ್ ಐಡಿ, ಅಂದರೆ ತಯಾರಕರ (ವೆಂಡರ್) ಮತ್ತು ಸಾಧನದ (ಡಿವೈಸ್) ಸಂಖ್ಯೆ, ಓದುವುದನ್ನು ಹುಡುಗರಿಗೆ ನಾನು ಒತ್ತಿ ಕಲಿಸುತ್ತೇನೆ. ವೆಂಡರ್ 10ಇಸಿ, ಡಿವೈಸ್ 8125 ಎಂದಿದ್ದರೆ ಅದು ರಿಯಲ್‌ಟೆಕ್‌ನ 2.5 ಗಿಗಾಬಿಟ್ ಲ್ಯಾನ್. 10ಡಿಇ ಎಂದರೆ ಎನ್‌ವಿಡಿಯಾ, 1022 ಎಂದರೆ ಎಎಂಡಿ. ಇಂಟೆಲ್‌ನ ಸಂಖ್ಯೆ 8086, ಅಂದರೆ 1978ರ ಅದರ ಪ್ರೊಸೆಸರಿನ ಅಂಕಿಯೇ. ಒಮ್ಮೆ ಕೇಳಿದವರು ಅದನ್ನು ಮರೆಯುವುದಿಲ್ಲ. ಒಂದೇ ಮಾದರಿಯ ಬೋರ್ಡಿನ ರಿವಿಷನ್ ಬದಲಾದಾಗ ಲ್ಯಾನ್ ಅಥವಾ ವೈ-ಫೈ ಚಿಪ್ಪು ಬದಲಾಗಿರುವುದುಂಟು. ಆಗ ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಈ ಸಂಖ್ಯೆಯನ್ನೂ, ಬೋರ್ಡಿನ ಮೂಲೆಯಲ್ಲಿ ಅಚ್ಚಾಗಿರುವ ರಿವಿಷನ್ನನ್ನೂ ನಂಬಬೇಕು.

ಚಿಪ್‌ಸೆಟ್ (ಪ್ರೊಸೆಸರನ್ನು ಬೋರ್ಡಿನ ಉಳಿದ ಭಾಗಗಳಿಗೆ ಜೋಡಿಸುವ ಚಿಪ್ಪು) ಡ್ರೈವರಿನ ವಿಷಯದಲ್ಲಿ ಇಂಟೆಲ್, ಎಎಂಡಿ ಎರಡು ಕಂಪನಿಗಳೂ ಒಂದೇ ಅಲ್ಲ. ಇಂಟೆಲ್‌ನ ಐಎನ್‌ಎಫ್ ಪ್ಯಾಕೇಜು ಬಹುಮಟ್ಟಿಗೆ ಸಾಧನಗಳಿಗೆ ಸರಿಯಾದ ಹೆಸರು ಕೊಡುತ್ತದೆ, ಅಷ್ಟೆ. ಎಎಂಡಿಯದರಲ್ಲಿ ನಿಜವಾದ ಡ್ರೈವರುಗಳೇ ಇವೆ. 7950ಎಕ್ಸ್3ಡಿ ತರಹದ ಪ್ರೊಸೆಸರಿನಲ್ಲಿ ಯಾವ ಕೋರಿಗೆ ಯಾವ ಕೆಲಸ ಎಂಬುದಕ್ಕೂ ಅದು ಬೇಕು. ಅದನ್ನು ಎಎಂಡಿಯ ತಾಣದಿಂದಲೇ ತರುತ್ತೇವೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನದನ್ನೂ ಚಿಪ್ಪಿನ ತಯಾರಕರಿಂದಲೇ ತರಬೇಕು, ಏಕೆಂದರೆ ವಿಂಡೋಸ್ ಅಪ್‌ಡೇಟ್ ತರುವುದು ಸಾಮಾನ್ಯವಾಗಿ ಹಳೆಯ ಆವೃತ್ತಿ. ಮದುವೆಯ ವಿಡಿಯೋ ಸಂಕಲಿಸುವವರಿಗೆ ಎನ್‌ವಿಡಿಯಾದ ಸ್ಟುಡಿಯೋ ಡ್ರೈವರ್ ಹಾಕಿ, ತೊಂದರೆ ಬರುವವರೆಗೆ ಬದಲಾಯಿಸಬೇಡಿ ಎಂದು ಹೇಳಿ ಕಳಿಸುತ್ತೇವೆ. ಧ್ವನಿಗೆ ವಿಂಡೋಸ್ ಕೊಟ್ಟಿದ್ದೇ ಸಾಕು. ಬಣ್ಣದ ದೀಪಗಳ ತಂತ್ರಾಂಶ, ಬೋರ್ಡಿನವರ ‘ಸೆಂಟರ್’ ಹೆಸರಿನ ತಂತ್ರಾಂಶಗಳು, ಎಲ್ಲ ಡ್ರೈವರನ್ನೂ ತಾನೇ ಹುಡುಕುತ್ತೇನೆನ್ನುವ ಮೂರನೆಯವರ ಅಪ್‌ಡೇಟರುಗಳು, ಇವಾವುದನ್ನೂ ಹಾಕುವುದಿಲ್ಲ. ಮೊದಲ ಬೂಟಿನಲ್ಲೇ ಅವನ್ನು ಹಾಕಲೇ ಎಂದು ಕೇಳುವ ಆಯ್ಕೆ ಕೆಲವು ಬೋರ್ಡುಗಳ ಬಯೋಸಿನಲ್ಲಿ ಇರುತ್ತದೆ. ಅದನ್ನು ಅಲ್ಲಿಯೇ ಬಂದ್ ಮಾಡಬಹುದು.

ಹೊಸತೇ ಒಳ್ಳೆಯದು ಎಂಬ ನಂಬಿಕೆ ಸೋಲುವುದು ಅಡಿಕೆ ವ್ಯಾಪಾರಿಗಳ ಅಂಗಡಿಯಲ್ಲಿ. ರಾಶಿ, ಚಾಲಿ ಅಡಿಕೆ ತೂಗುವ ತಕ್ಕಡಿಯಿಂದ ತೂಕ ನೇರವಾಗಿ ಬಿಲ್ಲಿಗೆ ಬರಬೇಕು, ಅದರ ಸೀರಿಯಲ್ ತಂತಿಗೆ ಯುಎಸ್‌ಬಿ ಪರಿವರ್ತಕ ಹಾಕಿರುತ್ತಾರೆ. ಅದರೊಳಗೆ ಪಿಎಲ್2303ಎಚ್‌ಎಕ್ಸ್‌ಎ ಎಂಬ ಹಳೆಯ ಚಿಪ್ಪಿದ್ದರೆ, ಹೊಸ ಡ್ರೈವರ್ ಬಂದ ಕೂಡಲೇ ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟಿನ ಹೆಸರಿನ ಜಾಗದಲ್ಲಿ, ಈ ಚಿಪ್ಪನ್ನು 2012ರಿಂದ ನಿಲ್ಲಿಸಲಾಗಿದೆ, ಮಾರಿದವರನ್ನು ವಿಚಾರಿಸಿ ಎಂಬರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಪರಿವರ್ತಕ ಹಾಳಾಗಿರುವುದಿಲ್ಲ, ಅಪ್‌ಡೇಟ್ ಡ್ರೈವರಿಗೆ ಹೋಗಿ, ಈಗಾಗಲೇ ಇರುವವುಗಳ ಪಟ್ಟಿಯಿಂದ ಹಳೆಯ ಆವೃತ್ತಿಯನ್ನು ಆರಿಸಿದರೆ ತೂಕ ಮತ್ತೆ ಬರತೊಡಗುತ್ತದೆ. ಆದರೆ ಅಪ್‌ಡೇಟ್ ಮುಂದೊಂದು ದಿನ ಹೊಸದನ್ನು ಮತ್ತೆ ತಂದು ಕೂರಿಸಬಹುದು. ಆದ್ದರಿಂದ ಸುಗ್ಗಿ ಶುರುವಾಗುವ ಮೊದಲೇ ಸಿಎಚ್340 ಚಿಪ್ಪಿನ ಹೊಸ ಪರಿವರ್ತಕ ಕೊಟ್ಟು, ಬಿಲ್ಲಿಂಗ್ ತಂತ್ರಾಂಶ ಹುಡುಕುವ ಕಾಮ್ ಪೋರ್ಟಿನ ಸಂಖ್ಯೆಯನ್ನು ಹಿಂದಿದ್ದಂತೆಯೇ ಇಟ್ಟು, ಖಾಲಿ ತಕ್ಕಡಿಯ ಮೇಲೆ ಒಂದು ತೂಕದ ಕಲ್ಲಿಟ್ಟು ನೋಡಿಯೇ ಯಂತ್ರವನ್ನು ಒಪ್ಪಿಸುತ್ತೇವೆ.