ಸತ್ತ ಕಪ್ಪೆ ಎಣಿಸುವ ಕೆಲಸ

"ಎಂತಕ್ಕೆ ಕೂಸೆ, ಸತ್ತ ಕಪ್ಪೆ ಎಣಸ್ತೆ?" ಜೂನ್ ಬಂತೆಂದರೆ ಆಯಿಯದ್ದು ಇದೇ ಪ್ರಶ್ನೆ. ಮಳೆ ಹಿಡಿದ ಮೇಲೆ ಶಿರಸಿ–ಕುಮಟಾ ರಸ್ತೆಯಲ್ಲಿ, ದೇವಿಮನೆ ಘಟ್ಟದ ಈಚೆ, ಗಾಡಿಗೆ ಸಿಕ್ಕಿ ಸತ್ತ ಪ್ರಾಣಿಗಳನ್ನು ಎಣಿಸಲು 2 ಕಿಲೋಮೀಟರ್ ನನ್ನ ಪಾಲಿಗೆ. ಕೊಡೆ, ಪಟ್ಟಿ, ಪೆನ್ಸಿಲ್. ಪೆನ್ನು ತಂದರೆ ಶಾಯಿಯೆಲ್ಲ ನೀರಿಗೆ ಹೋಗುತ್ತದೆ.

ಮೊದಲ ವರ್ಷ ಸ್ಕೂಟಿಯಲ್ಲೇ ಎಣಿಸಿದೆ. ಬೇಗ ಮುಗೀತು ಅಂತ ಖುಷಿ ಬೇರೆ. ಅದೇ ದಾರಿ ನಡೆದಾಗ ಗೊತ್ತಾಯಿತು, ಸ್ಕೂಟಿಗೆ ಕಂಡಿದ್ದು ಕೇರೆ ಹಾವು, ಪುನುಗಿನ ಬೆಕ್ಕು, ಅಂಥ ದೊಡ್ಡವು ಮಾತ್ರ. ಉಗುರಗಲದ ಕಪ್ಪೆಮರಿ, ಏಡಿ, ಬಳ್ಳಿ ಅಂದುಕೊಂಡು ದಾಟಿ ಬಂದ ಹಸಿರು ಹಾವು, ಒಂದೂ ಲೆಕ್ಕಕ್ಕೆ ಬಂದಿರಲಿಲ್ಲ.

ನಡೆದರೂ ಪೂರ್ತಿ ಸಿಗುವುದಿಲ್ಲ. ಆರು ಗಂಟೆಗೆ ಕಂಡ ಕಪ್ಪೆ ವಾಪಸ್ ಬರುವಾಗ ಮಾಯ. ಕಾಗೆ ಕೆಲಸ. ಒಂದು ದಿನ ಯಾರದೋ ಮನೆ ಕೋಳಿ ನನ್ನ ಕಣ್ಣೆದುರೇ ನನ್ನ ಡೇಟಾ ನುಂಗಿತು! ಉಳಿದದ್ದನ್ನು ಲಾರಿ ಅರೆಯುತ್ತದೆ, ಮಳೆ ತೊಳೆಯುತ್ತದೆ. ಅದಕ್ಕೇ ಸತ್ತದ್ದು ರಸ್ತೆ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಅಂತ ಬೇರೆಯಾಗಿ ನೋಡಬೇಕು. ಸಿಕ್ಕಿದ್ದಕ್ಕೆ ಗುರುತು ಹಾಕಿ, 2 ಗಂಟೆಗೊಮ್ಮೆ ಹೋಗಿ ನೋಡುವುದು. ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ಶಿರಸಿ ಮಳೆಗೆ ಚಾಕ್‌ಪೀಸು, ನನ್ನ ಬುದ್ಧಿಯೇ! ಕೊನೆಗೆ ರಸ್ತೆ ಅಂಚಿನಲ್ಲಿ ಮೂರು ಮೂರು ಕಲ್ಲು ಪೇರಿಸಿದೆ. ಮಧ್ಯಾಹ್ನದೊಳಗೆ ಕಲ್ಲು ಉಳಿದವು, ಕಪ್ಪೆ ಹೆಚ್ಚಿನವು ಇಲ್ಲ. ಆರಕ್ಕೆ ಎಣಿಸಿದ್ದನ್ನೂ ಹತ್ತಕ್ಕೆ ಎಣಿಸಿದ್ದನ್ನೂ ಹೋಲಿಸಿದರೆ ಸುಮ್ನೆ ಮೋಸ. ಪೆಟ್ಟು ತಿಂದು ಪೊದೆಗೆ ಹೋಗಿ ಸತ್ತವಂತೂ ಯಾರ ಪಟ್ಟಿಗೂ ಬರುವುದಿಲ್ಲ.

ಹಾವನ್ನು ಮಾತ್ರ ಕೋಲಿನಲ್ಲೇ ಸರಿಸಬೇಕು. ಸತ್ತ ಮೇಲೂ ತಲೆ ಕಚ್ಚಬಹುದು.

ಪ್ರತಿ ಕಪ್ಪೆಯ ಪಕ್ಕ ಏನಿದೆ ಅಂತಲೂ ಬರೆಯುತ್ತೇನೆ: ತೋಟ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಹಳ್ಳ, ಮೋರಿ. ಒಂದು ತಿರುವಿನಲ್ಲಿ ಮೊದಲೆರಡು ವರ್ಷ ಪಟ್ಟಿ ತುಂಬುತ್ತಿತ್ತು. ಕಳೆದ ವರ್ಷ ಸೊನ್ನೆ. ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಬದಿಗೆ ಇಳಿದು ನೋಡಿದರೆ ಕಪ್ಪೆ ಮೊಟ್ಟೆ ಇಡುತ್ತಿದ್ದ ಹೊಂಡಕ್ಕೆ ಮಣ್ಣು ಬಿದ್ದಿದೆ. ಸಾಯಲು ಕಪ್ಪೆ ಇದ್ದರೆ ತಾನೇ?

ಹಾಗಾಗಿ ಈ ಸಲ ರಾತ್ರಿಯೂ ಹೋಗುತ್ತೇನೆ. ಒಂದೊಂದು ಕಡೆ 10 ನಿಮಿಷ ಟಾರ್ಚ್ ಆರಿಸಿ ನಿಂತು, ಯಾವ ಯಾವ ಕಪ್ಪೆ ಕೂಗುತ್ತದೆ ಅಂತ ಬರೆದುಕೊಳ್ಳುವುದು. ಬದುಕಿದವು ಎಷ್ಟು ಅಂತ ಗೊತ್ತಿಲ್ಲದೆ ಸತ್ತವನ್ನು ಎಣಿಸಿ ಏನು ಮಾಡಲಿ, ಅಲ್ವಾ? ಆಯಿ ಬೈದಳು. ಬೈದುಕೊಂಡೇ ಉಂಬಳಕ್ಕೆ (ಕಾಡಿನ ಜಿಗಣೆಗೆ) ಅಂತ ಸುಣ್ಣ, ಹೊಗೆಸೊಪ್ಪು ಕಟ್ಟಿ ಚೀಲದಲ್ಲಿಟ್ಟಳು.