ಸೊನ್ನೆ ತುಂಬಿಸಿ ಪಾಸಾದ ಟೆಸ್ಟ್

ಒಂದೇ ಮಷೀನಿನಲ್ಲಿ ಹಲವು ವರ್ಚುವಲ್ ಮಷೀನು (ವಿಎಂ) ಓಡಿಸುವ ಸಾಫ್ಟ್‌ವೇರು ಹೈಪರ್‌ವೈಸರ್. ಅದರ ಮೆಮೊರಿ ಫೀಚರ್‌ಗಳನ್ನು ಟೆಸ್ಟ್ ಮಾಡುವುದು ನನ್ನ ಕೆಲಸ. ಶಿರಸಿಯ ಮನೆಯಿಂದಲೇ ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ಟೆಸ್ಟ್ ಎಷ್ಟು ಸಲೀಸಾಗಿ ಪಾಸಾಯಿತೆಂದರೆ, ಆಗಲೇ ಅನುಮಾನ ಬರಬೇಕಿತ್ತು.

16 ಜಿಬಿ ಮೆಮೊರಿಯ ಮಷೀನು, ಅದರ ಮೇಲೆ ತಲಾ 4 ಜಿಬಿಯ 8 ವಿಎಂ. ಇರುವುದರ ಎರಡು ಪಟ್ಟು ಹಂಚಿದ್ದೆವು. ನಂಬಿದ್ದು ಕೆಎಸ್‌ಎಂ ಅನ್ನು. ಮೆಮೊರಿ ಉಳಿಸುವ ಈ ಸೌಲಭ್ಯ ಲಿನಕ್ಸ್ ಕರ್ನಲ್‌ಗೆ 2009ರಲ್ಲಿ, 2.6.32 ಆವೃತ್ತಿಯಲ್ಲಿ ಸೇರಿದ್ದು. ವಿಎಂಗಳ ಮೆಮೊರಿಯನ್ನು 4 ಕೆಬಿ ಪೇಜ್‌ಗಳಾಗಿ ನೋಡುತ್ತಾ ಹೋಗಿ, ತದ್ರೂಪ ಪೇಜ್‌ಗಳು ಸಿಕ್ಕರೆ ಒಂದನ್ನೇ ಉಳಿಸಿ ಎಲ್ಲರಿಗೂ ಅದನ್ನೇ ತೋರಿಸುತ್ತದೆ. ಯಾರಾದರೂ ಅದರಲ್ಲಿ ಬರೆದರೆ ಅವರಿಗೆ ಬೇರೆ ಪ್ರತಿ ಕೊಡಲೇಬೇಕು.

ನನ್ನ ಸ್ಕ್ರಿಪ್ಟು ರಾತ್ರಿಯಿಡೀ ಒಂದೊಂದೇ ವಿಎಂ ಎಬ್ಬಿಸಿ ಮೆಮೊರಿ ತುಂಬಿಸಿತು. ತುಂಬಿಸಿದ್ದು ಬರೀ ಸೊನ್ನೆ! ಒಂದು ಸಾಲಿನಲ್ಲಿ ಮುಗಿಯುತ್ತದಲ್ವಾ, ಅದಕ್ಕೆ. ಬೆಳಿಗ್ಗೆ ನೋಡಿದರೆ ಹೋಸ್ಟ್‌ನಲ್ಲಿ, ಅಂದರೆ ವಿಎಂಗಳನ್ನು ಹೊತ್ತ ಮಷೀನಿನಲ್ಲಿ, ಬೇಕಾದಷ್ಟು ಜಾಗ. ಪಾಸ್ ಅಂತ ಬರೆದೆ.

ಎರಡು ವಾರದ ಮೇಲೆ ಇನ್ನೊಂದು ತಂಡ ಅದೇ ಹಂಚಿಕೆಯಲ್ಲಿ ಡೇಟಾಬೇಸ್ ಓಡಿಸಿತು. ಮೆಮೊರಿ ಸಾಲದೆ ಹೋಸ್ಟ್ ಸ್ವಾಪ್‌ಗೆ, ಅಂದರೆ ನಿಧಾನದ ಡಿಸ್ಕಿಗೆ, ಬಿದ್ದು ವಿಎಂಗಳೆಲ್ಲ ಸ್ತಬ್ಧ.

ನನ್ನ ಮುಖ ನೋಡಿ ಆಯಿ ವಿಚಾರಿಸಿದಳು. ಗೆಸ್ಟು (ನಮ್ಮಲ್ಲಿ ವಿಎಂಗೆ ಹಾಗನ್ನುತ್ತೇವೆ), ಹೋಸ್ಟು ಅಂತ ಹೇಗೋ ಹೇಳಿದೆ. "ನೆಂಟ್ರೆಲ್ಲ ಜಾತ್ರೆಗೆ ಹೋದಾಗ ಅಳೆದ್ರೆ ಮನೆ ದೊಡ್ಡದೇ ಕಾಣ್ತು ತಮಾ" ಎಂದಳು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅವರೆಲ್ಲ ರಾತ್ರಿ ಮಲಗಲು ಬಂದಾಗಿನ ಪಾಡು ನಮ್ಮ ಮನೆಯವರಿಗೇ ಗೊತ್ತು.

ಲೆಕ್ಕ ಹಾಕಿದಾಗ ಇನ್ನಷ್ಟು ನಾಚಿಕೆಯಾಯಿತು. ಕೆಎಸ್‌ಎಂ ಸುಮ್ನೆ ಬಿಟ್ಟರೆ 20 ಮಿಲಿಸೆಕೆಂಡಿಗೊಮ್ಮೆ 100 ಪೇಜ್ ನೋಡುತ್ತದೆ. ಸೆಕೆಂಡಿಗೆ ಹೆಚ್ಚೆಂದರೆ 20 ಎಂಬಿ. ಒಂದೇ ವಿಎಂ ಮೇಲೆ ಒಮ್ಮೆ ಕಣ್ಣಾಡಿಸಲು ಸುಮಾರು ಮೂರೂವರೆ ನಿಮಿಷ ಬೇಕು. ಅಷ್ಟರಲ್ಲಿ ಡೇಟಾಬೇಸ್ ಎಷ್ಟೋ ಪೇಜ್ ಬದಲಿಸಿರುತ್ತದೆ. ಬದಲಾಗುತ್ತಲೇ ಇರುವ ಪೇಜನ್ನು ಅದು ಸೇರಿಸಲು ಹೋಗುವುದೂ ಇಲ್ಲ.

ಈಗಿನ ಹೊಸ ಟೆಸ್ಟಿನಲ್ಲಿ ಸ್ವಲ್ಪ ಪೇಜ್ ಎಲ್ಲ ವಿಎಂಗಳಲ್ಲೂ ಒಂದೇ, ಉಳಿದದ್ದು ಒಂದೊಂದರಲ್ಲೂ ಬೇರೆ ಬೇರೆ. ಕೆಎಸ್‌ಎಂ ಸೇರಿಸಿ ಮುಗಿಸಿದ ಮೇಲೆ ಎಲ್ಲ ವಿಎಂಗಳೂ ಒಟ್ಟಿಗೆ ಆ ಪೇಜ್‌ಗಳಲ್ಲಿ ತಿರುಗಿ ಬರೆಯುತ್ತವೆ. ಉಳಿತಾಯದ ಜೊತೆ ಸ್ವಾಪ್ ಅನ್ನೂ ಅಳೆಯುತ್ತೇನೆ. ಬಲೂನ್ ಡ್ರೈವರ್ ಇಲ್ಲದ ಗೆಸ್ಟ್‌ಗಳನ್ನೂ ಸೇರಿಸಿದ್ದೇನೆ, ಹೋಸ್ಟ್ ಕೇಳಿದರೂ ಅವು ಜಾಗ ಬಿಟ್ಟುಕೊಡುವುದಿಲ್ಲ.

ಹೊಸ ಟೆಸ್ಟ್ ಮೊದಲ ದಿನವೇ ಫೇಲಾಯಿತು. ಹಳೆಯ ಪಾಸ್ ಸಾಲನ್ನು ಅಳಿಸಲಿಲ್ಲ. ಪಕ್ಕದಲ್ಲಿ "ಸೊನ್ನೆ ತುಂಬಿಸಿದ್ದು" ಎಂದು ಸೇರಿಸಿದೆ.