ಎರಡು ದಿನದ ದಾಸವಾಳ

ಮೊನ್ನೆ ಬೆಳಿಗ್ಗೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಹಿತ್ತಿಲಿನ ಒಂದು ಹೂ ತೋರಿಸಿದೆ. ಐದೆಸಳಿನ ಕೆಂಪು ದಾಸವಾಳ. "ಇದು ನಿನ್ನೆ ಅರಳಿದ್ದು, ಇನ್ನೂ ಹಾಗೇ ಇದೆ. ಇವತ್ತು ದೇವರಿಗೆ ಹಾಕಬಹುದಾ?"

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಎಲ್ಲದಕ್ಕೂ ತಟ್ಟನೆ ಉತ್ತರ ಕೊಡುವವಳು ಇದಕ್ಕೆ ಮಾತ್ರ ಸುಮ್ಮನಾದಳು. "ಭಟ್ರ ಹತ್ರ ಕೇಳವು" ಅಂದಳು.

ಹೊನ್ನಾವರದ ನಮ್ಮ ಮನೆಯಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿ ಬೆಳಗಾಗುವಾಗ ಅರಳಿದ ದಾಸವಾಳ ಸಂಜೆಗೆ ಬೀಡಿಯ ಹಾಗೆ ಸುರುಟಿಕೊಳ್ಳುತ್ತದೆ. ಮರುದಿನ ಅಂಗಳ ಗುಡಿಸುವಾಗ ಪೊರಕೆಗೆ ಸಿಗುತ್ತದೆ. ನಾನು ಈಗ ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ, ಸಮುದ್ರದಿಂದ ಐದು ಕಿಲೋಮೀಟರ್ ದೂರ. ಇದೂ ಕರಾವಳಿಯೇ, ಇಲ್ಲೂ ಸೂರ್ಯ ಮುಳುಗುವುದು ಕಡಲಿಗೇ. ಆದರೆ ಚಳಿಗಾಲದ ರಾತ್ರಿ ಹತ್ತು ಡಿಗ್ರಿಯ ಹತ್ತಿರ ಇಳಿಯುತ್ತದೆ, ಹಗಲೂ ತಂಪು. ಆ ತಂಪಿಗೆ ಹೂ ಬಾಡುವುದನ್ನೇ ಮರೆತುಬಿಡುತ್ತದೆ. ಬಣ್ಣವೂ ಗಾಢ, ಹೆಚ್ಚುಕಡಿಮೆ ಕುಂಕುಮದಷ್ಟು.

ಗಿಡ ತಂದಾಗ ನನಗೆ ಭಾರಿ ಧೈರ್ಯವಿತ್ತು. ದಾಸವಾಳ ಬೆಳೆಸುವುದು ಅಂದ್ರೆ ಏನು ಮಹಾ? ಊರಲ್ಲಿ ಬೇಲಿಗೆ ಗೆಲ್ಲು ಮುರಿದು ಚುಚ್ಚಿದರೆ ಮುಗಿಯಿತು, ಮಳೆಗಾಲ ಕಳೆಯುವಷ್ಟರಲ್ಲಿ ದನ ಮೇಯುವಷ್ಟು ಚಿಗುರಿರುತ್ತದೆ. ಒಂದು ಗೆಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಇಡುತ್ತೇನೆ ಅಂತ ಅಮ್ಮ ಹಟ ಹಿಡಿದಿದ್ದಳು. ಪರವಾನಗಿ ಇಲ್ಲದೆ ಗಿಡ ತರುವ ಹಾಗಿಲ್ಲ ಅಂತ ಅವಳನ್ನು ಒಪ್ಪಿಸಲು ಎರಡು ದಿನ ಬೇಕಾಯಿತು. ಕೊನೆಗೆ ಇಲ್ಲಿನ ನರ್ಸರಿಯಲ್ಲೇ 'ಬ್ರಿಲಿಯಂಟ್' ಅನ್ನುವ ತಳಿ ಕೊಂಡೆ. ಹೆಸರು ಏನೇ ಇರಲಿ, ಹೂ ನೋಡಿದರೆ ಪಕ್ಕಾ ನಮ್ಮ ಬೇಲಿ ದಾಸವಾಳ.

ಒಂದು ವರ್ಷ ಚೆನ್ನಾಗಿತ್ತು. ಎರಡನೇ ವರ್ಷ ಎಲೆ ಹಳದಿಯಾಗತೊಡಗಿತು. ಮುದಿ ಎಲೆಯಲ್ಲ, ಹೊಸ ಚಿಗುರೇ. ನರಗಳು ಮಾತ್ರ ಹಸಿರು, ನಡುವೆಲ್ಲ ಲಿಂಬೆಹಣ್ಣಿನ ಬಣ್ಣ. ನೀರು ಕಮ್ಮಿಯಾಯಿತೇನೋ ಅಂತ ಜಾಸ್ತಿ ಹಾಕಿದೆ. ಸಾಲದು ಅಂತ ಹೂ ಜಾಸ್ತಿ ಬಿಡಿಸುವ ಗೊಬ್ಬರದ ಡಬ್ಬಿಯನ್ನೂ ತಂದು ಸುರಿದೆ, ರಂಜಕ (ಫಾಸ್ಫರಸ್) ತುಂಬಿದ್ದು. ಹಳದಿ ಇನ್ನೂ ಏರಿತು. ಮೊಗ್ಗುಗಳು ಹೆಸರುಕಾಳಿನಷ್ಟಾಗಿ ಉದುರಿದವು.

ಕಾರಣ ಗೊತ್ತಾದಾಗ ನಗುವೇ ಬಂತು. ಗಿಡಕ್ಕೆ ಬೇಕಾಗಿದ್ದದ್ದು ಕಬ್ಬಿಣ. ಇಲ್ಲಿ ನಲ್ಲಿಯಲ್ಲಿ ಬರುವುದು ಬಹುಪಾಲು ಕೊಲರಾಡೋ ನದಿಯ ನೀರು, ಗಡಸು. ಮಣ್ಣೂ ಕ್ಷಾರದ್ದು. ಇಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮೇಲಿಂದ ನಾನು ಸುರಿದ ರಂಜಕ ಉಳಿದದ್ದನ್ನೂ ಕಟ್ಟಿಹಾಕಿತ್ತು. ನಮ್ಮೂರಿನ ಚಿರೆಕಲ್ಲಿನ ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ, ಅಲ್ವಾ? ಚಡ್ಡಿಗೆ ಹತ್ತಿದರೆ ಎಷ್ಟು ತೊಳೆದರೂ ಹೋಗದ ಕೆಂಪು. ಅದರ ಮೇಲೇ ಕುಣಿದು ಬೆಳೆದವಳು ಇಲ್ಲಿ ಪೊಟ್ಟಣದಲ್ಲಿ ಕಬ್ಬಿಣ ಕೊಂಡು, ಚಮಚದಲ್ಲಿ ಅಳೆದು, ನೀರಿನಲ್ಲಿ ಕದಡಿ ದಾಸವಾಳಕ್ಕೆ ಕುಡಿಸುತ್ತಿದ್ದೇನೆ. ಚೀಲೇಟೆಡ್ ಐರನ್ ಅಂತ, ಬೇರು ಹೀರಿಕೊಳ್ಳುವ ರೂಪದಲ್ಲಿರುವ ಕಬ್ಬಿಣ ಸಿಗುತ್ತದೆ, ಕ್ಷಾರ ಮಣ್ಣಿಗೂ ಆಗುವಂಥದ್ದನ್ನು ಕೇಳಿ ತೆಗೆದುಕೊಳ್ಳಬೇಕು. ಆಮೇಲೆ ಬಂದ ಚಿಗುರು ಹಸಿರಾಗಿತ್ತು. ರಂಜಕದ ಡಬ್ಬಿ ಗರಾಜಿನಲ್ಲಿ ಇನ್ನೂ ಕೂತಿದೆ, ಯಾರಿಗಾದರೂ ಬೇಕಾದರೆ ಕೊಡುತ್ತೇನೆ.

ನೀರಿನ ವಿಷಯದಲ್ಲೂ ತಪ್ಪು ನನ್ನದೇ. ಹೊನ್ನಾವರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಇಲ್ಲಿ ಸುಮಾರು 250. ಹಾಗಾಗಿ ಗಿಡಕ್ಕೆ ಸದಾ ಬಾಯಾರಿಕೆ ಅಂತ ಅಂದುಕೊಂಡಿದ್ದೆ. ಆದರೆ ಜನವರಿಯ ತಣ್ಣನೆ ಮಣ್ಣಿನಲ್ಲಿ ಬೇರು ಹೆಚ್ಚು ಕುಡಿಯುವುದೇ ಇಲ್ಲ, ನೀರು ನಿಂತರೆ ಕೊಳೆಯುತ್ತದೆ. ಈಗ ಬೆರಳು ಎರಡು ಗೆಣ್ಣು ಒಳಗೆ ಹಾಕಿ ನೋಡಿ, ಒಣಗಿದ್ದರೆ ಮಾತ್ರ ಹಾಕುತ್ತೇನೆ. ಗೆಲ್ಲು ಸವರುವುದು ಮಾರ್ಚ್‌ನಲ್ಲಿ, ಚಳಿ ಬಿಟ್ಟ ಮೇಲೆ.

ಆಮೇಲೆ ಬಂತು ಬಿಳಿ ಗಡ್ಡ. ಎಲೆ ಮಗುಚಿದರೆ ಕೆಳಗೆ ಹತ್ತಿ ನೂಲಿನಂಥ ಎಳೆಗಳು, ಒಂದು ಬೆರಳಿನಷ್ಟು ಉದ್ದ, ಗಾಳಿಗೆ ಅಲ್ಲಾಡುತ್ತವೆ. ಮುಟ್ಟಿದರೆ ಕೈಯೆಲ್ಲ ಅಂಟು, ಗೆಲ್ಲಿನ ಮೇಲೆ ಇರುವೆಗಳ ಮೆರವಣಿಗೆ. ದೈತ್ಯ ಬಿಳಿನೊಣ ಅನ್ನುವ ಕೀಟದ ಕೆಲಸವಂತೆ. ಮೆಕ್ಸಿಕೋ ಕಡೆಯದು. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಕಂಡದ್ದು 1992ರಲ್ಲಿ, ಅದೂ ನಮ್ಮ ಸ್ಯಾನ್ ಡಿಯೇಗೋದಲ್ಲೇ. ನರ್ಸರಿಯವನು ಬೇರಿಗೆ ಹಾಕುವ ಔಷಧ ತೋರಿಸಿದ. ಇಡೀ ಗಿಡಕ್ಕೆ ಏರುತ್ತದೆ, ವರ್ಷ ನಿಶ್ಚಿಂತೆ ಅಂದ. ಎಲೆಗೂ ಏರುತ್ತದಾ ಅಂತ ಕೇಳಿದೆ. ಎಲೆಗೇ ಮೊದಲು ಅಂದ.

ಅಲ್ಲೇ ಡಬ್ಬಿ ಕೆಳಗಿಟ್ಟೆ. ಈ ಎಲೆ ಕಿವುಚಿ ತೆಗೆದ ಲೋಳೆ, ಅಂದ್ರೆ ಗೊಂಪು, ನನ್ನ ತಲೆಕೂದಲಿಗೆ ಹೋಗುತ್ತದೆ. ಎಳೆ ಚಿಗುರು ತಂಬುಳಿಗೆ, ಒಂದಿಷ್ಟು ಎಲೆ ದೋಸೆ ಹಿಟ್ಟಿಗೆ. ದಾಸವಾಳವನ್ನು ತಿನ್ನುತ್ತೇವೆ ಅಂತ ಅವನಿಗೆ ವಿವರಿಸಲು ಹೋಗಲಿಲ್ಲ. ಮನೆಗೆ ಬಂದು ಗಡ್ಡ ಬಂದ ಎಲೆಗಳನ್ನೆಲ್ಲ ಕಿತ್ತು ಚೀಲ ಕಟ್ಟಿ ಬಿಸಾಡಿದೆ. ಈಗ ವಾರಕ್ಕೆರಡು ಸಲ ಪೈಪಿನಲ್ಲಿ ಕೆಳಗಿಂದ ಮೇಲಕ್ಕೆ ಜೋರಾಗಿ ನೀರು ಹೊಡೆಯುತ್ತೇನೆ. ಅರ್ಧ ನೀರು ನನ್ನ ಮೈಮೇಲೆಯೇ. ಬಿಳಿನೊಣ ಪೂರ್ತಿ ಹೋಗಿಲ್ಲ, ಗಿಡಕ್ಕೂ ಅದರಿಂದ ಸಾಯುವಷ್ಟು ತೊಂದರೆಯಿಲ್ಲ.

ಭಟ್ಟರ ಉತ್ತರ ಎರಡು ದಿನ ಬಿಟ್ಟು ಬಂತು. ಅವರನ್ನು ನಿಜವಾಗಿ ಕೇಳಿದಳೋ, ತಾನೇ ತೀರ್ಮಾನಿಸಿದಳೋ, ನನಗೆ ಅನುಮಾನ. "ಗಿಡದಲ್ಲೇ ಇದ್ದು ಅಲ್ದಾ? ಬಾಡಿದ್ದಿಲ್ಲೆ ಅಲ್ದಾ? ಹಂಗಿದ್ರೆ ಅಡ್ಡಿಲ್ಲೆ." ಕೊಯ್ದಿಟ್ಟರೆ ಹಳತು, ಗಿಡದಲ್ಲಿದ್ದರೆ ತಾಜಾ. ಅಷ್ಟೇ ಲೆಕ್ಕ.

ಇನ್ನೊಂದು ಕಷ್ಟ ಉಳಿದಿತ್ತು. ಚಳಿಗೆ ಇಲ್ಲಿ ಮೊಗ್ಗು ಅರಳುವುದೇ ತಡ, ಹತ್ತು ಗಂಟೆಯಾದರೂ ಆಕಳಿಸುತ್ತಿರುತ್ತದೆ. ನಾನು ಏಳೂವರೆಗೆ ದೀಪ ಹಚ್ಚಿ ಆಫೀಸಿಗೆ ಓಡಬೇಕು. ಹಿಂದಿನ ದಿನವೇ ಬಲಿತ ಮೊಗ್ಗು ಕೊಯ್ದು ಅಡುಗೆಮನೆಯಲ್ಲಿಡು, ಬೆಚ್ಚಗಿದ್ದರೆ ತಾನೇ ಅರಳುತ್ತದೆ ಅಂತ ಅಮ್ಮ ಹೇಳಿದಳು. ಹೌದು, ಅರಳುತ್ತದೆ. ಆದರೆ ಮುಸ್ಸಂಜೆ ಮೇಲೆ ಹೂ ಕೊಯ್ಯುವ ಹಾಗಿಲ್ಲವಲ್ಲ, ಡಿಸೆಂಬರಿನಲ್ಲಿ ಇಲ್ಲಿ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಮನೆಯಿಂದ ಕೆಲಸ ಮಾಡುವ ಗಂಡನ ಫೋನಿನಲ್ಲಿ ನಾಲ್ಕು ಗಂಟೆಗೆ ಅಲಾರಂ ಇಟ್ಟಿದ್ದೇನೆ. ಮೀಟಿಂಗ್ ನಡುವೆ ಅದು ಬಡಿದುಕೊಂಡಾಗ ಪರದೆಯ ಮೇಲೆ ಒಂದೇ ಪದ: ಮೊಗ್ಗು.